ನಾಲ್ಕು ಸಾಲು ಮೆಣಸಿನ ಗಿಡ ಮತ್ತು ನನ್ನ ಥೈರಾಯ್ಡ್

ಮೇಡ್ಲೇರಿಯ ಆ ಹೊಲದಲ್ಲಿ ನನ್ನ ಕೆಲಸ, ಮೆಣಸಿನ ಹೂವಿನೊಳಗೆ ಪುಡಿ ಇದೆಯೋ ಇಲ್ಲವೋ ನೋಡುವುದು. ಕೇಳಲಿಕ್ಕೆ ಇಷ್ಟೇ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ನಾನು ಕ್ಷೇತ್ರ ಮೇಲ್ವಿಚಾರಕಿ. ರೈತರ ಹೊಲಗಳಲ್ಲಿ ಹೈಬ್ರಿಡ್ ಮೆಣಸಿನಕಾಯಿ ಬೀಜ ಮಾಡಿಸುತ್ತೇವೆ. ಹೆಣ್ಣು ಸಾಲು ಬೇರೆ, ಗಂಡು ಸಾಲು ಬೇರೆ. ಗಂಡು ಗಿಡದ ಪರಾಗವನ್ನು ತಂದು ಹೆಣ್ಣು ಗಿಡದ ಹೂವಿಗೆ ಕೈಯಿಂದಲೇ ಮುಟ್ಟಿಸಬೇಕು. ಅದಕ್ಕೆ ಕ್ರಾಸಿಂಗ್ ಅನ್ನುತ್ತೇವೆ. ತೊಡಕು ಏನೆಂದರೆ, ನಮ್ಮ ತಳಿಯ ಹೆಣ್ಣು ಸಾಲಿನಲ್ಲಿ ನೆಟ್ಟ ಗಿಡಗಳ ಪೈಕಿ ಹೆಚ್ಚುಕಡಿಮೆ ಅರ್ಧಕ್ಕೆ ಸ್ವಂತ ಪರಾಗ ಇರುತ್ತದೆ, ಉಳಿದರ್ಧಕ್ಕೆ ಇರುವುದಿಲ್ಲ. ನಮಗೆ ಬೇಕಾದದ್ದು ಇಲ್ಲದವು. ಪರಾಗ ಇದ್ದ ಗಿಡ ಉಳಿದುಬಿಟ್ಟರೆ ಅದು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ. ಆ ಬೀಜ ಉಳಿದದ್ದರಲ್ಲಿ ಬೆರೆತರೆ ಇಡೀ ಹೊಲದ ಬೀಜ ಪರೀಕ್ಷೆಯಲ್ಲಿ ನಪಾಸಾಗುತ್ತದೆ.

ನೋಡಲು ಎರಡೂ ಗಿಡ ಒಂದೇ ಥರ. ಮೊದಲ ಹೂವು ಅರಳಿದ ಬೆಳಿಗ್ಗೆ ಒಂದೊಂದೇ ಗಿಡದ ಮುಂದೆ ಬಗ್ಗಿ, ಹೂವಿನ ಪರಾಗಕೋಶವನ್ನು ಹೆಬ್ಬೆರಳಿನ ಉಗುರಿನ ಮೇಲೆ ಒತ್ತಿ ನೋಡಬೇಕು. ಪುಡಿ, ಅಂದರೆ ಪರಾಗ, ಅಂಟದಿದ್ದರೆ ಕಾಂಡಕ್ಕೆ ಬಿಳಿ ದಾರ ಕಟ್ಟಿ ಉಳಿಸಬೇಕು. ದಾರ ಇಲ್ಲದ ಗಿಡಗಳನ್ನು ಮಧ್ಯಾಹ್ನ ರೈತರ ಮನೆಯವರು ಕಿತ್ತುಹಾಕುತ್ತಾರೆ. ಮೂರು ದಿನ ಬಿಟ್ಟು ಎಲ್ಲ ಸಾಲುಗಳನ್ನೂ ಎರಡನೇ ಸಲ ನೋಡಿ ಹೊಲದ ಕಾರ್ಡಿನಲ್ಲಿ ಸಹಿ ಹಾಕಬೇಕು. ಆ ಸಹಿ ಬಿದ್ದ ಮೇಲೆ, ಕಾಂಡ ದಪ್ಪಗಾಗುತ್ತದೆಂದು ದಾರ ಬಿಚ್ಚಿ ಕ್ರಾಸಿಂಗ್ ಶುರು ಮಾಡುತ್ತಾರೆ.

ಈ ಕೆಲಸದಲ್ಲಿ ನಾನು ತಪ್ಪುವುದಿಲ್ಲ ಎಂಬ ಹೆಮ್ಮೆ ನನಗಿತ್ತು.

ಮೂರು ವರ್ಷದ ಹಿಂದೆ ನನಗೆ ಥೈರಾಯ್ಡ್ ಕಾಯಿಲೆ ಎಂದು ಗೊತ್ತಾಗಿತ್ತು. ಮೈಯನ್ನು ಕಾಯಬೇಕಾದ ಶಕ್ತಿಯೇ ಗಂಟಲಿನ ಆ ಪುಟ್ಟ ಗ್ರಂಥಿಯನ್ನು ಹಗೆಯೆಂದು ತಿಳಿದು ದಿನವೂ ಸವೆಸುವ ಕಾಯಿಲೆ. ಒಳಗೆ ಸದಾ ಉರಿಯೂತ. ಗ್ರಂಥಿ ಮಾಡಲಾಗದ ಕೆಲಸವನ್ನು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನುಂಗುವ ನೂರು ಮೈಕ್ರೋಗ್ರಾಂನ ಒಂದು ಗುಳಿಗೆ ಮಾಡುತ್ತಿತ್ತು. ಎರಡು ವರ್ಷ ಚೆನ್ನಾಗಿದ್ದೆ. ಆಮೇಲೆ ಕೂದಲು ಉದುರತೊಡಗಿತು. ಬೆಳಿಗ್ಗೆ ಬೆರಳ ಗೆಣ್ಣುಗಳು ಬಿಗಿಯುತ್ತಿದ್ದವು. ಇದೇ ಕಾಯಿಲೆಯ ಹೆಂಗಸರ ಮೊಬೈಲ್ ಗುಂಪೊಂದಕ್ಕೆ ಸೇರಿಕೊಂಡೆ. ಅಲ್ಲಿ ದಿನವೂ ಒಂದೇ ಪಾಠ: ಉರಿಯೂತ ಇಳಿಸಿ, ಗ್ರಂಥಿ ತಾನೇ ಸರಿಹೋಗುತ್ತದೆ. ಗೋಧಿ ಬಿಡಿ, ಹಾಲು ಬಿಡಿ, ಸಕ್ಕರೆ ಬಿಡಿ. ಎಲ್ಲ ಬಿಟ್ಟೆ. ನಮ್ಮದು ಜೋಳದ ರೊಟ್ಟಿಯ ಮನೆ, ಗೋಧಿ ಬಿಡುವುದು ಕಷ್ಟವಾಗಲಿಲ್ಲ. ಹಾಲು ಹಾಕಿದ ಚಹಾ ಬಿಟ್ಟ ದಿನ ಮಾತ್ರ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಜೊತೆಗೆ, ಕೂದಲಿಗೂ ಉಗುರಿಗೂ ಒಳ್ಳೆಯದೆಂದು ಗುಂಪಿನವರು ಹೇಳಿದ ಒಂದು ಕ್ಯಾಪ್ಸೂಲ್ ಶುರು ಮಾಡಿದೆ. ಅದು ಔಷಧವಲ್ಲ, ಬರೀ ವಿಟಮಿನ್. ಯಾರಿಗೂ ಹೇಳಬೇಕೆಂದು ಅನ್ನಿಸಲೇ ಇಲ್ಲ.

ಎರಡು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿಸಿದೆ. ರಾಣೆಬೆನ್ನೂರಿನಲ್ಲಿ ನನ್ನನ್ನು ನೋಡುತ್ತಿದ್ದ ವೈದ್ಯರು ವರದಿ ಓದಿ, "ಗುಳಿಗಿ ಜಾಸ್ತಿ ಆಗೇತ್ರಿ. ಅರ್ಧಾ ಮಾಡೋಣು" ಎಂದರು. ನೂರು ಐವತ್ತಾಯಿತು. ನನಗೆ ಹಬ್ಬದಂಥ ಖುಷಿ. ಪಥ್ಯ ಫಲಿಸಿತು, ಗ್ರಂಥಿ ಚಿಗುರುತ್ತಿದೆ ಎಂದು ಗುಂಪಿನಲ್ಲಿ ಬರೆದೆ. ಆರು ವಾರದ ನಂತರದ ವರದಿಯೂ ಹಾಗೇ ಬಂತು. ಐವತ್ತು ಇಪ್ಪತ್ತೈದಾಯಿತು.

ಆದರೆ ಅಷ್ಟರಲ್ಲಿ ನಾನು ಮುಳುಗತೊಡಗಿದ್ದೆ.

ಮೊದಲು ಚಳಿ. ಬ್ಯಾಡಗಿಯ ನಮ್ಮ ಮನೆಯಲ್ಲಿ ಎಲ್ಲರೂ ಫ್ಯಾನಿನ ಕೆಳಗೆ ಕೂತರೆ ನಾನು ಸ್ವೆಟರ್ ಹಾಕುತ್ತಿದ್ದೆ. ಮುಖ ಬಾತಿತು. ಬೆಳಿಗ್ಗೆ ಬಸ್ಸಿನಲ್ಲಿ ಕೂತವಳು ರಾಣೆಬೆನ್ನೂರು ಬಂದರೂ ಏಳುತ್ತಿರಲಿಲ್ಲ. ಕಂಡಕ್ಟರ್ ಸೀಟು ಬಡಿದು ಎಬ್ಬಿಸುತ್ತಿದ್ದ. ಮಾತಿನ ನಡುವೆ ಪದಗಳು ಕಳೆದುಹೋಗುತ್ತಿದ್ದವು. ಒಮ್ಮೆ ಕಚೇರಿಯಲ್ಲಿ 'ಕತ್ತರಿ' ಎಂಬ ಮಾತು ಸಿಗದೆ ಎರಡು ಬೆರಳು ಆಡಿಸಿ ತೋರಿಸಿದೆ. ಎಂಟು ವರ್ಷದ ಮಗಳು, "ಅಮ್ಮೀ, ನಿನ್ನ ದನಿ ಅಬ್ಬಾನ ಗತೆ ಆಗೇತಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ನಮ್ಮ ಮನೆಯವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುತ್ತಾರೆ. ಕೆಟ್ಟವರಲ್ಲ. ಆದರೆ ಅವರ ಕೈಯಲ್ಲಿ ವರದಿ ಇತ್ತು.

"ಡಾಕ್ಟರು ಗುಳಿಗಿ ಕಡಿಮಿ ಮಾಡಾಕತ್ಯಾರ ಅಂದ್ರ ನಿನಗ ಆರಾಮ ಆಗಾಕತ್ತೈತಿ ಅಂತ ಅಲ್ಲೇನ? ಮತ್ತ ಹಿಂಗ್ಯಾಕ ಮಲಗೇ ಇರ್ತಿ? ಮನಸ್ಸು ಗಟ್ಟಿ ಮಾಡ್ಕೋ."

ನಾನೂ ಅದನ್ನೇ ನಂಬಿದೆ. ಕಾಯಿಲೆ ಗುಣವಾಗುತ್ತಿದೆ, ಹಾಳಾಗಿರುವುದು ನಾನು. ಸೋಮಾರಿ, ಸುಳ್ಳುಗಾತಿ, ಕೆಲಸಗಳ್ಳಿ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಪಥ್ಯ ಇನ್ನೂ ಬಿಗಿ ಮಾಡಿದೆ. ಬೇಳೆ ಬಿಟ್ಟೆ, ಟೊಮೆಟೊ ಬಿಟ್ಟೆ. ಕ್ಯಾಪ್ಸೂಲನ್ನು ದಿನಕ್ಕೆ ಎರಡು ಮಾಡಿದೆ.

ಇದೇ ಸ್ಥಿತಿಯಲ್ಲಿ ಆ ವರ್ಷದ ಹೂವಿನ ಕಾಲ ಬಂತು.

ಮೇಡ್ಲೇರಿಯ ಹೊಲವನ್ನು ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಣ್ಣುಮಗಳು. ನಾನು ಅಕ್ಕಾರ ಅನ್ನುತ್ತಿದ್ದೆ. ಅವರ ಸೊಸೆ ಮದುವೆಯಾಗಿ ಬಂದು ಒಂದು ವರ್ಷವಾಗಿತ್ತು, ಮಾತು ಕಡಿಮೆ, ಬೆರಳು ಚುರುಕು. ಅದೇ ವಾರ ನನಗೆ ಹೊಸರಿತ್ತಿಯ ಕಡೆ ಇನ್ನೊಂದು ಹೊಲವಿತ್ತು. ಅಲ್ಲಿಯ ರೈತರು ಬೇಡದ ಗಿಡಕ್ಕೆ ದಾರ ಕಟ್ಟಿಸಿಕೊಳ್ಳುತ್ತಿದ್ದರು, ಕೀಳುವಾಗ ಕಣ್ಣಿಗೆ ಬೀಳಲಿ ಎಂದು. ಅಂದರೆ ಒಂದು ಹೊಲದಲ್ಲಿ ದಾರ ಎಂದರೆ ಉಳಿಸು. ಇನ್ನೊಂದರಲ್ಲಿ ದಾರ ಎಂದರೆ ಕೀಳು. ಇಂಥ ವ್ಯತ್ಯಾಸ ಹಿಂದಿನ ವರ್ಷಗಳಲ್ಲೂ ಇತ್ತು. ಎಂದೂ ತೊಂದರೆಯಾಗಿರಲಿಲ್ಲ.

ಮೇಡ್ಲೇರಿಯಲ್ಲಿ ಮೊದಲ ಪರಿಶೀಲನೆ ಎರಡು ದಿನ ಹಿಡಿಯಿತು. ಎರಡನೇ ದಿನ ಹದಿನೇಳನೇ ಸಾಲಿಗೆ ಬರುವಷ್ಟರಲ್ಲಿ ಬಿಸಿಲೇರಿತ್ತು. ಬಗ್ಗಿದರೆ ಮತ್ತೆ ಎದ್ದೇಳಲು ಮೊಣಕಾಲಿಗೆ ಕೈ ಊರಬೇಕಾಗಿತ್ತು. ಪುಡಿ ನೋಡಿದ್ದು ನೆನಪಿದೆ, ದಾರ ಕಟ್ಟಿದ್ದು ನೆನಪಿದೆ. ಯಾವುದಕ್ಕೆ ಕಟ್ಟಿದೆ ಎಂಬುದು ಆ ಹೊತ್ತಿನಲ್ಲಿ ನನಗೆ ಪ್ರಶ್ನೆಯೇ ಆಗಿರಲಿಲ್ಲ. ಮಧ್ಯಾಹ್ನ ಸೊಸೆ ದಾರ ಇಲ್ಲದವುಗಳನ್ನು ಕಿತ್ತಳು.

ಮೂರು ದಿನ ಬಿಟ್ಟು ಎರಡನೇ ಪರಿಶೀಲನೆಗೆ ಹೋದೆ. ಆರು ಸಾಲು ನೋಡಿದೆ. ಆಮೇಲೆ ಒಂದು ನಿಮಿಷ ಕೂರೋಣವೆಂದು ಬದುವಿನ ಮೇಲೆ ಕೂತೆ. ಎಚ್ಚರವಾದಾಗ ಹೂವುಗಳು ಬಾಡಿದ್ದವು. ಪುಡಿ ನೋಡುವ ಹೊತ್ತು ಮೀರಿತ್ತು. ಮತ್ತೆ ನಾಳೆ ಬರುತ್ತೇನೆಂದು ಹೇಳಬಹುದಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾರೆ, ಏನು ಉತ್ತರ ಕೊಡಲಿ? ವರದಿಯ ಪ್ರಕಾರ ನಾನು ಚೆನ್ನಾಗಿದ್ದೇನಲ್ಲ. ಕಾರ್ಡು ತೆಗೆದು ಇಪ್ಪತ್ತೆಂಟು ಸಾಲಿಗೂ ಸೇರಿಸಿ ಸಹಿ ಹಾಕಿದೆ.

ಕ್ರಾಸಿಂಗ್ ಶುರುವಾಗಿ ಎಂಟನೇ ದಿನ ಅಕ್ಕಾರ ಫೋನ್ ಮಾಡಿದರು. "ತಂಗೀ, ಲಗೂನ ಬಾರವಾ."

ಕ್ರಾಸಿಂಗ್ ಮಾಡಿದ ಪ್ರತಿ ಹೂವಿನ ತೊಟ್ಟಿಗೆ ಹೆಂಗಸರು ಕೆಂಪು ದಾರ ಸುತ್ತುತ್ತಾರೆ. ಕೆಂಪು ದಾರ ಇಲ್ಲದ ಹೂವು ನಮ್ಮ ಹೆಣ್ಣು ಗಿಡಗಳಲ್ಲಿ ಒಣಗಿ ಉದುರಬೇಕು. ಹದಿನೇಳರಿಂದ ಇಪ್ಪತ್ತರವರೆಗಿನ ನಾಲ್ಕು ಸಾಲುಗಳಲ್ಲಿ ದಾರವಿಲ್ಲದ ತೊಟ್ಟುಗಳ ತುದಿಗೂ ಕಡಲೆ ಕಾಳಿನಷ್ಟು ಹಸಿರು ಕಾಯಿ ಕೂತಿದ್ದವು. ಗಿಡಗಿಡಕ್ಕೂ.

"ಇವಕ್ಕ ಯಾರೂ ಕೈ ಹಚ್ಚಿಲ್ಲ. ಕಾಯಿ ಹೆಂಗ ಕಟ್ಟೇತಿ?" ಎಂದರು ಅಕ್ಕಾರ.

ಒಂದು ಹೂವು ಕಿತ್ತು ಉಗುರಿನ ಮೇಲೆ ಒತ್ತಿದೆ. ಪುಡಿ. ಪಕ್ಕದ ಗಿಡದ್ದು ಒತ್ತಿದೆ. ಪುಡಿ. ಹತ್ತು ಗಿಡ ನೋಡುವಷ್ಟರಲ್ಲಿ ನನ್ನ ಹೆಬ್ಬೆರಳು ಪೂರ್ತಿ ಮಾಸಿತ್ತು. ಉಳಿಸಬೇಕಾದವು ಒಂದೂ ಇರಲಿಲ್ಲ. ಕೀಳಬೇಕಾದವು ಅಷ್ಟೂ ನಿಂತಿದ್ದವು.

ಅಕ್ಕಾರ ಸೊಸೆಯ ಕಡೆ ತಿರುಗಿದರು. "ಅವತ್ತು ಈ ಸಾಲು ಕಿತ್ತಾಕಿ ನೀನ ಅಲ್ಲೇನ? ದಾರ ಇದ್ದದ್ದು ಬಿಡು, ಇಲ್ಲದ್ದು ಕೀಳು ಅಂತ ಎಷ್ಟು ಸಲ ಹೇಳಿದ್ದೆ ನಿನಗ?"

"ಅತ್ತೀ, ಹಂಗ ಕಿತ್ತೇನ್ರಿ. ದೇವರಾಣಿ ದಾರ ಇಲ್ಲದ್ದನ್ನ ಕಿತ್ತೇನಿ."

"ಹಂಗ ಕಿತ್ತಿದ್ರ ಇವು ಹೆಂಗ ಉಳದ್ವು? ಮೇಡಂ ಕಣ್ಣಾಗ ಎಣ್ಣಿ ಬಿಟ್ಕೊಂಡು ಎರಡೆರಡು ಸಲ ನೋಡ್ಯಾರ. ಅವರ ಕೆಲಸಕ್ಕ ಮಣ್ಣು ಹಾಕಿದಿ ನೋಡು."

ಸೊಸೆ ನನ್ನ ಮುಖ ನೋಡಿದಳು. ಬೈಗುಳಕ್ಕೆ ಹೆದರಿದ ನೋಟವಲ್ಲ ಅದು. ತಾನು ಖರೆ ಹೇಳುತ್ತಿದ್ದೇನೆಂದು ನನಗೆ ಗೊತ್ತಿರಬೇಕು ಎಂಬ ನಂಬಿಕೆ ಅದರಲ್ಲಿತ್ತು. ಬಿಳಿ ದಾರಗಳನ್ನು ಬಿಚ್ಚಿ ಎಂಟು ದಿನವಾಗಿತ್ತು. ಹೊಲದಲ್ಲಿ ಯಾವ ಪುರಾವೆಯೂ ಇರಲಿಲ್ಲ. ನಾನು ಬಾಯಿ ತೆರೆದೆ. "ಆಫೀಸಿನ್ಯಾಗ ಕೇಳಿ ಹೇಳ್ತೇನ್ರಿ" ಎಂದಷ್ಟೇ ಬಂತು. ಕಂಪನಿಯ ಸ್ಕೂಟಿ ಹತ್ತಿ ಹೊರಟುಬಿಟ್ಟೆ.

ಕಚೇರಿಯಲ್ಲಿ ಮ್ಯಾನೇಜರು ತಲೆ ಕೈಯಲ್ಲಿ ಹಿಡಿದು ಕೂತರು. ಆಮೇಲೆ ಸಮಾಧಾನದಿಂದಲೇ ಹೇಳಿದರು. "ಕೀಳೋರು ತಪ್ಪಿ ಕಿತ್ತಾರ ಅಂತ ರಿಪೋರ್ಟ್ ಬರೀರಿ. ಆ ನಾಲ್ಕು ಸಾಲು ಕಿತ್ತು ಒಗಸ್ರಿ. ಮುಂದಿನ ವರ್ಷ ಅವರಿಗೆ ಬೀಜದ ಪ್ಲಾಟ್ ಕೊಡೋದು ಬ್ಯಾಡ, ಅಷ್ಟ." ನಾನು ಹ್ಞೂಂ ಎಂದೆ. ನಾಳೆ ಬೆಳಿಗ್ಗೆ ಬರೆದು ಕೊಡುತ್ತೇನೆಂದು ಬ್ಯಾಡಗಿಯ ಬಸ್ಸು ಹಿಡಿದೆ.

ಬಸ್ಸಿನಲ್ಲಿ ಜೇಬಿನ ನೋಟುಬುಕ್ಕು ತೆಗೆದೆ. ಸಾಲು ಸಾಲಿಗೂ ಎಷ್ಟು ಗಿಡ ಉಳಿಯಿತು, ಎಷ್ಟು ಹೋಯಿತು ಬರೆದಿಡುವುದು ನನ್ನ ರೂಢಿ. ಹದಿನಾರನೇ ಸಾಲಿನವರೆಗೆ ನನ್ನ ಅಕ್ಷರ ನೆಟ್ಟಗಿತ್ತು: ಪುಡಿ ಇಲ್ಲ, ದಾರ. ಹದಿನೇಳರಿಂದ ಅಕ್ಷರ ಜಾರಿತ್ತು: ಪುಡಿ ಇದೆ, ದಾರ. ಇಪ್ಪತ್ತರವರೆಗೂ ಹಾಗೇ. ಇಪ್ಪತ್ತೊಂದರಿಂದ ಮತ್ತೆ ಸರಿ. ಹೊಸರಿತ್ತಿಯ ಹೊಲ ನಾಲ್ಕು ಸಾಲಿನ ಮಟ್ಟಿಗೆ ನನ್ನ ತಲೆಯೊಳಗೆ ಬಂದು ಹೋಗಿತ್ತು. ಎರಡನೇ ಸಲ ಎದ್ದು ನಡೆದಿದ್ದರೆ ಅದು ಸಿಕ್ಕುತ್ತಿತ್ತು.

ಆ ಸಂಜೆ ನಾನು ಅನುಭವಿಸಿದ್ದನ್ನು ದುಃಖ ಎನ್ನಲಾರೆ. ದುಃಖಕ್ಕೂ ಒಂದು ಚಲನೆ ಇರುತ್ತದೆ. ಇದು ಕೆಸರಿನಲ್ಲಿ ಸೊಂಟದವರೆಗೆ ಹೂತು ನಿಂತಂತೆ. ಮೈ ನನ್ನ ಮಾತು ಕೇಳುವುದಿಲ್ಲ, ವರದಿ ನನ್ನ ಮೈಯ ಮಾತು ಕೇಳುವುದಿಲ್ಲ, ಈಗ ನನ್ನ ಕೈಯ ಕೆಲಸವನ್ನೂ ನಾನು ನಂಬುವಂತಿಲ್ಲ. ಉಳಿದಿದ್ದ ಒಂದೇ ಹೆಮ್ಮೆ ಅದಾಗಿತ್ತು. ಮನೆಯವರಿಗೆ ನೋಟುಬುಕ್ಕು ತೋರಿಸಿದೆ. ಹಾಳೆ ತಿರುವಿ ಓದಿದರು.

"ನೀ ಬರೀದಿದ್ರ ಯಾರಿಗೂ ಗೊತ್ತಾಗಂಗಿಲ್ಲ" ಎಂದರು.

"ಆ ಹುಡುಗಿಗೆ ಗೊತ್ತೈತಿ" ಎಂದೆ.

ಬೆಳಿಗ್ಗೆ ಕಚೇರಿಯಲ್ಲಿ ಕೂತು ಬರೆದೆ. ದಾರವನ್ನು ತಿರುವುಮುರುವು ಕಟ್ಟಿದ್ದು ನಾನು. ಎರಡನೇ ಪರಿಶೀಲನೆಯಲ್ಲಿ ಏಳನೇ ಸಾಲಿನಿಂದ ಮುಂದೆ ನೋಡದೆ ಸಹಿ ಹಾಕಿದ್ದು ನಾನು. ರೈತರದಾಗಲಿ ಅವರ ಮನೆಯವರದಾಗಲಿ ತಪ್ಪಿಲ್ಲ. ಕಾಯಿಲೆಯ ವಿಷಯ ಬರೆಯಲಿಲ್ಲ. ಬರೆಯಲು ನನ್ನ ಬಳಿ ಇದ್ದ ಕಾಗದವೆಲ್ಲ ನಾನು ಆರೋಗ್ಯವಾಗಿದ್ದೇನೆಂದೇ ಹೇಳುತ್ತಿತ್ತು. ಕೊನೆಗೆ ಇನ್ನೊಂದು ಮಾತು ಸೇರಿಸಿದೆ. ಆ ನಾಲ್ಕು ಸಾಲು ಕಿತ್ತರೆ ಸಾಲದು. ಅದೇ ಹೆಂಗಸರು ಅದೇ ಬೆರಳಲ್ಲಿ ಆಚೀಚೆಯ ಸಾಲುಗಳನ್ನೂ ಮಾಡಿದ್ದಾರೆ; ಈ ಪುಡಿ ಅಲ್ಲಿಗೂ ಹೋಗಿದೆ. ಎರಡೂ ಬದಿಯ ನಾಲ್ಕು ನಾಲ್ಕು ಸಾಲಿನಲ್ಲಿ ಈ ಎಂಟು ದಿನ ಕಟ್ಟಿದ ಕಾಯಿಯನ್ನೆಲ್ಲ ಕಿತ್ತು, ಹೊಸದಾಗಿ ಕ್ರಾಸಿಂಗ್ ಮಾಡಬೇಕು. ಬಾಕಿ ಸಾಲುಗಳ ಒಂದೊಂದು ಗಿಡವನ್ನೂ ನನ್ನನ್ನು ಬಿಟ್ಟು ಬೇರೆಯವರು ನೋಡಬೇಕು.

ಮ್ಯಾನೇಜರು ಓದಿ, "ಇದನ್ನ ಕೊಟ್ರ ನಿಮ್ಮನ್ನ ಫೀಲ್ಡಿನಿಂದ ತೆಗೀತಾರ. ಗೊತ್ತೈತಲ್ರಿ?" ಎಂದರು.

"ತಗೀಲಿ ಬಿಡ್ರಿ. ಈಗ ನಾ ಫೀಲ್ಡಿನ್ಯಾಗ ಇರೋದ ತಪ್ಪು."

ಮೇಡ್ಲೇರಿಗೆ ಹೋಗಿ ಅಕ್ಕಾರ ಮುಂದೆ, ಸೊಸೆಯೂ ಇರುವಾಗಲೇ ಹೇಳಿದೆ. ಅಕ್ಕಾರ ಮೊದಲು ನಂಬಲಿಲ್ಲ. ನೋಟುಬುಕ್ಕು ಬಿಡಿಸಿ ಓದಿ ತೋರಿಸಿದೆ. ಅವರ ಮುಖ ಕಪ್ಪಾಯಿತು.

"ನಿನ್ನೆ ಇಲ್ಲೇ ನಿಂತಿದ್ದಿ. ನಾ ಈಕಿನ್ನ ಬೈಯ್ಯಾಕತ್ತಾಗ ನಿನ್ನ ಬಾಯಿಗೆ ಏನಾಗಿತ್ತು?"

ಸೊಸೆ ಬುಟ್ಟಿ ತೆಗೆದುಕೊಂಡು ಇಪ್ಪತ್ತೊಂದನೇ ಸಾಲಿಗೆ ಇಳಿದಳು. ನಾನೂ ಇನ್ನೊಂದು ಬುಟ್ಟಿ ಹಿಡಿದು ಹದಿನಾರನೆಯದಕ್ಕೆ ಇಳಿದೆ. ಕೆಂಪು ದಾರದ ಸಮೇತ ಕಾಯಿ ಕೀಳುವುದು, ಬುಟ್ಟಿಗೆ ಹಾಕುವುದು. ಎಂಟು ದಿನ ಹೆಂಗಸರು ಬಗ್ಗಿದ ಬೆನ್ನಲ್ಲಿ ಕಟ್ಟಿದ ದಾರಗಳು. ನಾಲ್ಕು ಸಾಲಿನ ಗಿಡಗಳನ್ನು ಬೇರು ಸಹಿತ ಕಿತ್ತು ಬದುವಿನ ಆಚೆ ರಾಶಿ ಹಾಕಿದಾಗ ಹೊಲದ ನಡುವೆ ಬೋಳು ಪಟ್ಟಿ ಬಿತ್ತು. ಎರಡನೇ ದಿನ ಮಧ್ಯಾಹ್ನ ಬುಟ್ಟಿ ಎತ್ತಲು ಹೋದವಳು ಎದ್ದೇಳಲಿಲ್ಲ. ಮಣ್ಣಿನ ಮೇಲೆ ಕೆನ್ನೆ ಇಟ್ಟು ಮಲಗಿದ್ದೆ. ಎಚ್ಚರವಿತ್ತು, ಆದರೆ ಕೈಕಾಲು ನನ್ನವಾಗಿರಲಿಲ್ಲ. ಸೊಸೆ ನನ್ನ ಕೈ ಹಿಡಿದವಳು ಗಾಬರಿಯಾಗಿ ಕೂಗಿದಳು: "ಅತ್ತೀ, ಇವರ ಕೈ ಹೆಣದ ಗತೆ ತಣ್ಣಗ ಅದಾವ!"

ಮರುದಿನ ಮನೆಯವರು ನನ್ನನ್ನು ಹಾವೇರಿಗೆ ಕರೆದೊಯ್ದರು. ಅಲ್ಲಿಯ ವೈದ್ಯೆ ಮೊದಲು ವರದಿ ಮುಟ್ಟಲಿಲ್ಲ. ನಾಡಿ ಎಣಿಸಿದರು. ಕಣ್ಣ ಸುತ್ತಲಿನ ಬಾವು ಒತ್ತಿದರು. ನನ್ನನ್ನು ಕುರ್ಚಿಯ ಮೇಲೆ ಮೊಣಕಾಲೂರಿಸಿ ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಹಾರಿ, ವಾಪಸು ಬರಲು ತಡಮಾಡಿತು. ಆಮೇಲೆ ವರದಿಗಳನ್ನು ಪಕ್ಕಪಕ್ಕ ಇಟ್ಟರು.

"ಕಾಗದದ ಪ್ರಕಾರ ನಿಮಗ ಥೈರಾಯ್ಡ್ ಜಾಸ್ತಿ ಆಗೇತಿ. ಹಂಗಿದ್ರ ಎದಿ ಡವಡವ ಅನ್ನಬೇಕು, ಬೆವರು ಬರಬೇಕು, ತೂಕ ಇಳೀಬೇಕು. ನಿಮ್ಮ ನಾಡಿ ನೋಡಿದ್ರ ಐವತ್ತು ದಾಟವಲ್ದು. ನಾ ಯಾವುದನ್ನ ನಂಬ್ಲಿ?" ಎಂದರು. "ಏನೇನು ನುಂಗ್ತೀರಿ, ಎಲ್ಲಾ ಹೇಳ್ರಿ. ಪುಡಿ, ಕಷಾಯ, ಎಣ್ಣಿ, ಏನೂ ಬಿಡಬ್ಯಾಡ್ರಿ."

ಪಥ್ಯದ ಪಟ್ಟಿ ಒಪ್ಪಿಸಿದೆ. ಕೊನೆಗೆ ಚೀಲದಿಂದ ಕೂದಲಿನ ಕ್ಯಾಪ್ಸೂಲಿನ ಡಬ್ಬಿ ತೆಗೆದಿಟ್ಟೆ. ಅವರು ಹಿಂಬದಿಯ ಸಣ್ಣ ಅಕ್ಷರ ಓದಿ ಡಬ್ಬಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ಬಯೋಟಿನ್. ಅದೂ ಭಾಳ ಹೆಚ್ಚಿನ ಪ್ರಮಾಣ. ಇದು ನಿಮ್ಮ ಥೈರಾಯ್ಡಿಗೆ ಏನೂ ಮಾಡಂಗಿಲ್ರಿ. ರಕ್ತ ನೋಡೋ ಮಷಿನ್ನಿಗೆ ಮೋಸ ಮಾಡ್ತೈತಿ. ಕಡಿಮಿ ಇದ್ದದ್ದನ್ನ ಜಾಸ್ತಿ ಅಂತ ತೋರಸ್ತೈತಿ. ಎಲ್ಲಾ ಮಷಿನ್ನಿಗೂ ಅಲ್ಲ, ಕೆಲವಕ್ಕ. ಇದನ್ನ ಬಿಟ್ಟು ಒಂದು ವಾರದ ಮ್ಯಾಲೆ ಮತ್ತ ರಕ್ತಾ ಕೊಡ್ರಿ."

ಒಂದು ವಾರದ ನಂತರ ಕೊಟ್ಟ ರಕ್ತದಲ್ಲಿ ಬೇರೆಯೇ ಅಂಕಿ ಬಂತು. ಟಿಎಸ್‌ಎಚ್ ಇರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಮೇಲಿತ್ತು; ಥೈರಾಯ್ಡ್ ಕಡಿಮೆಯಾದಷ್ಟೂ ಅದು ಏರುತ್ತದೆ. ನನಗೆ ಬೇಕಾಗಿದ್ದ ಗುಳಿಗೆಯ ಕಾಲು ಪಾಲಿನಲ್ಲಿ ನಾನು ಅಷ್ಟು ದಿನ ನಡೆದಾಡಿದ್ದೆ. ಮನೆಯವರು ಆ ಕಾಗದ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕೂತರು. "ನಾ ನಿನಗ ಮನಸ್ಸು ಗಟ್ಟಿ ಮಾಡ್ಕೋ ಅಂದೆ" ಎಂದು ಎರಡು ಸಲ ಹೇಳಿದರು. ಅವರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಉರಿಯೂತದ ಬಗ್ಗೆ ವೈದ್ಯೆಯನ್ನು ಕೇಳಿದೆ. "ಕಡಿಮಿ ಮಾಡ್ಕೊಳ್ಳೋದು ತಪ್ಪಲ್ಲ. ನಿದ್ದಿ ಮಾಡ್ರಿ, ನಡೀರಿ, ಕಾಯಿಪಲ್ಲೆ ತಿನ್ರಿ, ಬ್ಯಾಳಿ ತಿನ್ರಿ. ಆದ್ರ ಅದು ಗುಳಿಗಿ ಬದ್ಲಿ ಅಲ್ಲ, ಗುಳಿಗಿ ಜೋಡಿ. ಚಹಾನೂ ಕುಡೀರಿ, ಗುಳಿಗಿ ಆಗಿ ಒಂದು ತಾಸಿನ ಮ್ಯಾಲೆ" ಎಂದರು. ರಾಣೆಬೆನ್ನೂರಿನ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಗುಳಿಗೆ ಹಂತಹಂತವಾಗಿ ಏರಿತು. ಮಂಜು ತೆರವಾಗಲು ಎರಡು ತಿಂಗಳ ಮೇಲೆ ಹಿಡಿಯಿತು, ಅದೂ ಒಂದೇ ಸಮ ಅಲ್ಲ. ಕಂಪನಿ ನನ್ನನ್ನು ಫೀಲ್ಡಿನಿಂದ ತೆಗೆದು ಕಚೇರಿಯಲ್ಲಿ ಒದ್ದೆ ಕಾಗದದ ಮೇಲೆ ಮೊಳಕೆಯೊಡೆದ ಬೀಜ ಎಣಿಸಲು ಕೂರಿಸಿತು. ಹೊಸ ವರದಿಯನ್ನು ಲಗತ್ತಿಸಿ ಮನ್ನಿಸಿರೆಂದು ಬರೆಯಿರಿ ಎಂದು ಮ್ಯಾನೇಜರು ಹೇಳಿದರು. ವರದಿ ಕೊಟ್ಟೆ, ಮನ್ನಿಸಿರೆಂದು ಬರೆಯಲಿಲ್ಲ. ದಾರ ತಪ್ಪಿದ್ದು ಕಾಯಿಲೆಯಿಂದ ಇರಬಹುದು. ನೋಡದೆ ಹಾಕಿದ ಸಹಿಯಲ್ಲಿ ಕಾಯಿಲೆಯ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಇಂದಿಗೂ ನನಗೆ ಬಿಡಿಸಲಾಗಿಲ್ಲ. ಸೊಸೆಯ ಮುಂದೆ ಸುಮ್ಮನೆ ನಿಂತದ್ದು ಮಾತ್ರ ಪೂರ್ತಿ ನನ್ನದು.

ಮೇಡ್ಲೇರಿಯ ಬೀಜ ಪರೀಕ್ಷೆಯಲ್ಲಿ ಪಾಸಾಯಿತು. ಇಳುವರಿ ಮಾತ್ರ ಹಿಂದಿನ ವರ್ಷಕ್ಕಿಂತ ಬಹಳ ಕಡಿಮೆ. ಮುಂದಿನ ಹಂಗಾಮಿಗೆ ಪ್ಲಾಟ್ ಒಪ್ಪಿಕೊಳ್ಳುವಾಗ ಅಕ್ಕಾರ ಕಚೇರಿಗೆ ಬಂದಿದ್ದರು. ಬೀಜ ಎಣಿಸುತ್ತಿದ್ದ ನನ್ನ ಮೇಜಿನ ಮುಂದೆ ನಿಂತರು.

"ಈಗ ಹೆಂಗದೀ?"

"ಆರಾಮ ಅದೇನ್ರಿ ಅಕ್ಕಾರ."

"ಬೇರೆದಾವ್ರು ಬಂದ್ರ ನಂಗ ಸರಿಹೋಗಂಗಿಲ್ಲ. ನೀನ ಬಾ. ಆದ್ರ ಒಂದು ಮಾತು. ನಿನ್ನ ಹಿಂದ ನಮ್ಮ ಸೊಸಿ ಪ್ರತಿ ಗಿಡ ಇನ್ನೊಮ್ಮಿ ನೋಡ್ತಾಳ. ಕಾರ್ಡಿನ ಮ್ಯಾಲೆ ಆಕಿ ಸಹೀನೂ ಬೀಳಬೇಕು."

ಮ್ಯಾನೇಜರು ಬಹಳ ಯೋಚಿಸಿ ಒಪ್ಪಿದರು.

ಹೂವು ಬಂದ ಮೊದಲ ಬೆಳಿಗ್ಗೆ ನಾನು ಮುಂದೆ, ಸೊಸೆ ಎರಡು ಗಿಡ ಹಿಂದೆ. ಆಕೆಗೆ ಪುಡಿ ನೋಡುವುದನ್ನು ನಾನೇ ಕಲಿಸಿದ್ದೆ. ನಾಲ್ಕನೇ ಸಾಲಿನಲ್ಲಿ ಹಿಂದಿನಿಂದ ದನಿ ಬಂತು.

"ಮೇಡಂ. ಇದಕ್ಕ ದಾರ ಕಟ್ಟೀರಿ. ಪುಡಿ ಐತಿ ನೋಡ್ರಿ."

ವಾಪಸು ಹೋಗಿ ಬಗ್ಗಿದೆ. ಆಕೆ ಹೆಬ್ಬೆರಳು ಮುಂದೆ ಚಾಚಿದಳು. ಉಗುರಿನ ಮೇಲೆ ಪುಡಿ ಇತ್ತು, ಬಹಳ ತೆಳುವಾಗಿ, ಆದರೆ ಇತ್ತು.

"ಖರೇ ಐತಿ" ಎಂದೆ. "ಕೀಳವಾ."

ಆಕೆ ಎರಡೂ ಕೈಯಿಂದ ಹಿಡಿದು ಗಿಡ ಕಿತ್ತು ಬದುವಿನ ಕಡೆ ಎಸೆದಳು. ನಾನು ಮುಂದಿನ ಗಿಡಕ್ಕೆ ಹೋಗಿ ಬಗ್ಗಿದೆ.